ರ‍್ಯಾಂಪಿಗೆ ಪೂಜೆ, ಕುರ್ಚಿಗೆ ನಿಂಬೆಹಣ್ಣು

ಮೊನ್ನೆ ಗಾಲಿಕುರ್ಚಿಯ ಬೆನ್ನಿಗೆ ಕಟ್ಟಿದ ಚೀಲವನ್ನು ಜಾಡಿಸುವಾಗ ಒಣಗಿದ ನಿಂಬೆಹಣ್ಣೊಂದು ಉರುಳಿ ಮಂಚದ ಕೆಳಗೆ ಹೋಯಿತು. ಮಂಚದ ಕೆಳಗೆ ಹೋದ ಯಾವ ವಸ್ತುವೂ ನನ್ನ ಪಾಲಿಗೆ ಪರದೇಶಕ್ಕೆ ಹೋದಂತೆಯೇ. ಬಟ್ಟೆ ಒಣಹಾಕುವ ಕೋಲಿನಿಂದ ಅರ್ಧ ತಾಸು ಕೆದಕಿ ಹೊರಗೆಳೆದೆ. ಗೋಲಿಯಷ್ಟು ಚಿಕ್ಕದಾಗಿ, ಕಂದುಬಣ್ಣಕ್ಕೆ ತಿರುಗಿ, ಅಲ್ಲಾಡಿಸಿದರೆ ಒಳಗೆ ಬೀಜ ಸದ್ದು ಮಾಡುತ್ತಿತ್ತು. ಮೈಮೇಲೆ ಚೂರು ಕುಂಕುಮವೂ ಉಳಿದಿತ್ತು. ನೋಡಿದ್ದೇ ತಡ, ನನಗೆ ತಡೆಯಲಾರದಷ್ಟು ನಗು ಬಂತು. ಟೈಪಿಂಗ್ ಕಲಿಯಲು ಬಂದ ಹುಡುಗಿಯರಿಬ್ಬರು ಬಾಗಿಲಲ್ಲೇ ನಿಂತು, ಅಕ್ಕಾರಿಗೆ ಏನೋ ಆಗಿದೆ ಎಂದು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಅವರಿಗೆ ಹೇಳದ ವಿಷಯವನ್ನು ನಿಮಗೆ ಹೇಳುತ್ತೇನೆ. ನಿಮಗಾದರೆ ಪರೀಕ್ಷೆಯ ಅವಸರವಿಲ್ಲ.

ನಾನು ವಿಜಯಾ. ದಾಂಡೇಲಿಯ ಬಂಗೂರನಗರದಲ್ಲಿ ಮೂವತ್ತು ವರ್ಷದಿಂದ ಟೈಪಿಂಗ್ ಕಲಿಸಿಕೊಂಡಿದ್ದೇನೆ. ಎರಡು ವರ್ಷದ ಕೂಸಾಗಿದ್ದಾಗ ಪೋಲಿಯೊ ಬಂದು ಕಾಲುಗಳೆರಡೂ ಕೆಲಸ ಬಿಟ್ಟವು. ಅವುಗಳ ಪಾಲಿನ ಕೆಲಸವನ್ನೂ ಕೈಗಳೇ ವಹಿಸಿಕೊಂಡದ್ದರಿಂದ ನನ್ನ ತೋಳುಗಳನ್ನು ನೋಡಿದರೆ ಹಮಾಲರೂ ನಾಚಬೇಕು. ಬಳೆ ಇಡಿಸುವವಳು ಪ್ರತಿ ಸಲವೂ ನನ್ನ ಕೈ ಹಿಡಿದು ಒಂದು ನಿಟ್ಟುಸಿರು ಬಿಟ್ಟೇ ಕೆಲಸ ಶುರು ಮಾಡುತ್ತಾಳೆ.

ಹೇಳಬೇಕಾದದ್ದು ಪಾರ್ಕಿನ ಸುದ್ದಿ. ಆದರೆ ಚಪ್ಪಲಿಯ ಸುದ್ದಿ ಹೇಳದೆ ಪಾರ್ಕಿನ ಒಳಗೆ ಹೋಗಲಾರೆ, ಸ್ವಲ್ಪ ತಾಳಿಕೊಳ್ಳಿ. ನಮ್ಮ ಶಾಲೆಯಿಂದ ವರ್ಷಕ್ಕೊಮ್ಮೆ ಕಾಳಿ ನದಿಯ ದಂಡೆಗೆ ಸಹಲಿಗೆ, ಅಂದರೆ ಪಿಕ್ನಿಕ್ಕಿಗೆ, ಹೋಗುತ್ತಿದ್ದೆವು. ಅಪ್ಪ ಸೈಕಲ್ಲಿನ ಮುಂದಿನ ಕಂಬಿಗೆ ಹಳೆಯ ಚಾದರ ಸುತ್ತಿ, ನನ್ನನ್ನು ಅದರ ಮೇಲೆ ಕೂರಿಸಿಕೊಂಡು, ಕಾಗದದ ಮಿಲ್ಲಿನ ಮೊದಲ ಪಾಳಿಯ ಸೈರನ್ ಕೂಗುವುದರೊಳಗೆ ಅಲ್ಲಿಗೆ ಮುಟ್ಟಿಸಿ ಡ್ಯೂಟಿಗೆ ಓಡುತ್ತಿದ್ದ. ಮಾಸ್ತರರು ಮಾಡುತ್ತಿದ್ದ ಮೊದಲ ಕೆಲಸವೆಂದರೆ ವಿಜಯಾಳನ್ನು ಎಲ್ಲಿಡಬೇಕು ಎಂದು ಗೊತ್ತು ಮಾಡುವುದು. ಮತ್ತಿ ಮರದ ಬುಡದಲ್ಲಿ ಒಂದು ಚಪ್ಪಟೆ ಬಂಡೆಯಿತ್ತು. ಅದರ ಮೇಲೆ ನಾನು. ನನ್ನ ಸುತ್ತ ನಲವತ್ತು ಜೊತೆ ಚಪ್ಪಲಿ, ಅಷ್ಟೇ ಡಬ್ಬಿ, ಟವೆಲ್ಲು, ಮಾಸ್ತರರ ಕೈಗಡಿಯಾರ. "ವಿಜಯಾ ಅದಾಳಲ್ಲ, ನೋಡ್ಕೋತಾಳ" ಎಂದು ಎಲ್ಲರೂ ನೀರಿಗೆ ಓಡುತ್ತಿದ್ದರು. ಅಲ್ಲಿಂದ ನದಿಯ ಸದ್ದು ಕೇಳುತ್ತಿತ್ತು, ನದಿ ಕಾಣುತ್ತಿರಲಿಲ್ಲ. ನಡುವೆ ಪೊದೆ. ಏಳು ವರ್ಷ ನಾನು ಕಾಳಿ ನದಿಗೆ ಸಹಲಿಗೆ ಹೋಗಿ ಚಪ್ಪಲಿ ನೋಡಿಕೊಂಡು ಬಂದೆ.

ಒಂದು ವರ್ಷ ಬೇಸರ ತಾಳದೆ ಚಪ್ಪಲಿಗಳಿಗೆ ಮದುವೆ ಮಾಡಿಸಿದೆ. ಒಬ್ಬರ ಎಡಗಾಲಿನದಕ್ಕೆ ಇನ್ನೊಬ್ಬರ ಬಲಗಾಲಿನದು. ಹೆಡ್ ಮಾಸ್ತರರ ಹವಾಯಿ ಚಪ್ಪಲಿಯನ್ನು ಎರಡನೇ ಇಯತ್ತೆಯ ಹುಡುಗಿಯೊಬ್ಬಳ ಕೆಂಪು ಬಕಲ್ ಚಪ್ಪಲಿಗೆ ಕೊಟ್ಟಿದ್ದೆ. ಒದ್ದೆ ಕಾಲಿನಲ್ಲಿ ಬಂದವರು ಜಗಳಾಡಿ ಜೋಡಿ ಬಿಡಿಸುವಷ್ಟರಲ್ಲಿ ಹೊತ್ತು ಇಳಿಯಿತು. ಅಷ್ಟಾದರೂ ಮರುವರ್ಷ ಕಾವಲಿಗೆ ನನ್ನನ್ನೇ ಇಟ್ಟರು. ಇವತ್ತಿಗೂ ನನ್ನ ವಾರಿಗೆಯವರ ಮುಖಕ್ಕಿಂತ ಅವರ ಕಾಲ್ಮೆಟ್ಟಿನ ನೆನಪು ಹೆಚ್ಚು. ಹಳಿಯಾಳದ ಬಸ್ ಸ್ಟ್ಯಾಂಡಿನಲ್ಲಿ ಒಮ್ಮೆ ಎಡ ಹಿಮ್ಮಡಿ ಸವೆದ ಚಪ್ಪಲಿ ನೋಡಿ, ತಲೆ ಎತ್ತುವ ಮೊದಲೇ "ಏನ ಶಕುಂತಲಾ, ಆರಾಮದಿ?" ಎಂದು ಕೇಳಿದ್ದೆ. ಶಕುಂತಲಾಳೇ ಆಗಿದ್ದಳು. ಮೂವತ್ತೈದು ವರ್ಷದ ಮೇಲೆ ಗುರುತು ಹಿಡಿದೆನೆಂದು ಅವಳು ಕಣ್ಣೀರು ಹಾಕಿದಳು. ಹಿಡಿದದ್ದು ಏನನ್ನು ನೋಡಿ ಎಂದು ನಾನು ಹೇಳಲಿಲ್ಲ.

ಇಷ್ಟನ್ನೆಲ್ಲ ಯಾಕೆ ಹೇಳಿದೆನೆಂದರೆ, ಐವತ್ತೆರಡು ವರ್ಷ ನಾನು ಇಟ್ಟಲ್ಲೇ ಇದ್ದವಳು. ಬೇಕಾದಷ್ಟು ಕಡೆ ಹೋಗಿದ್ದೇನೆ, ಇಲ್ಲವೆನ್ನುವುದಿಲ್ಲ. ಆದರೆ ಒಬ್ಬರು ಕರೆದುಕೊಂಡು ಹೋಗಬೇಕು, ಒಬ್ಬರು ದಬ್ಬಬೇಕು, ಒಂದು ಜಾಗ ನೋಡಿ ನಿಲ್ಲಿಸಬೇಕು. ನಮ್ಮ ಕಡೆಯ ಜನರ ಒಳ್ಳೆಯತನಕ್ಕೆ ಮಿತಿಯಿಲ್ಲ. ನಾನು ಬೀದಿಗೆ ಬಂದರೆ ಹಿಂದಿನಿಂದ ಯಾರೋ ಹಿಡಿಕೆಗೆ ಕೈ ಹಚ್ಚಿ ದಬ್ಬಲು ಶುರು ಮಾಡುತ್ತಾರೆ, ಎಲ್ಲಿಗೆ ಎಂದು ಕೇಳುವುದಿಲ್ಲ. ಅಂಚೆ ಕಚೇರಿಗೆ ಹೊರಟವಳನ್ನು ಒಬ್ಬ ಮಹಾನುಭಾವ ಸರಕಾರಿ ದವಾಖಾನೆಯ ಬಾಗಿಲಿಗೆ ಒಯ್ದು ನಿಲ್ಲಿಸಿ, ಕೈ ಮುಗಿದು ಹೋಗಿದ್ದಾನೆ.

ಹೀಗಿರುವಾಗ ಮುಂಡಗೋಡದಲ್ಲಿರುವ ನನ್ನ ಅಣ್ಣ ಫೋನ್ ಮಾಡಿದ. "ವಿಜ್ಜಿ, ಇಲ್ಲೆ ಕೆರಿ ಸುತ್ತ ದೊಡ್ಡ ಪಾರ್ಕ್ ಮಾಡ್ಯಾರ. ಕೆರಿ ಏರಿ ಹತ್ತಾಕ ನಿನ್ನಂಥವರ ಸಲುವಾಗಿ ಬ್ಯಾರೇನ ರಸ್ತಾ ಕಟ್ಯಾರ. ಏರಿ ಮ್ಯಾಲ ಸುತ್ತಲೂ ಫರಸಿ ಹಾಸ್ಯಾರ, ನುಣ್ಣಗ. ಐತವಾರ ಬಾ, ಹೋಗೂಣು." ನುಣ್ಣಗಿನ ಫರಸಿ ಎಂದರೆ ಏನೆಂದು ನಿಮಗೆ ತಿಳಿಯಲಿಕ್ಕಿಲ್ಲ. ನನಗೆ ಆ ರಾತ್ರಿಯೆಲ್ಲ ಅದೇ ಧ್ಯಾನ. ಕೆರೆಯ ಸುತ್ತ ಒಂದು ಸುತ್ತು, ನನ್ನ ಕೈಯಿಂದಲೇ ಗಾಲಿ ತಿರುಗಿಸುತ್ತ, ಹಿಂದೆ ಯಾರೂ ಇಲ್ಲದೆ ಹೋಗಿ ಬರಬೇಕು. ಬೇರೇನೂ ಬೇಡ. ಜೋಕಾಲಿ ಬೇಡ, ದೋಣಿ ಬೇಡ, ತಿನ್ನಲು ಗಿರಮಿಟ್ಟು ಸಹ ಬೇಡ. ಈ ಮಾತನ್ನು ಅಣ್ಣನಿಗೆ ಹೇಳಿದ್ದರೆ ಅವನೇ ದಬ್ಬಿಕೊಂಡು ಎರಡು ಸುತ್ತು ಹಾಕಿಸುತ್ತಿದ್ದ. ಹಾಗಾಗಿ ಹೇಳಲಿಲ್ಲ.

ಐತವಾರ ಬೆಳಿಗ್ಗೆ ಹತ್ತಕ್ಕೆ ಅಣ್ಣ, ಅವನ ಹೆಂಡತಿ ನಮ್ಮ ವೈನಿ, ನಾನು ಪಾರ್ಕಿನ ಒಳಗಿದ್ದೆವು. ರೊಟ್ಟಿಯ ಡಬ್ಬಿ, ನೀರಿನ ಬಾಟಲಿ, ಚಾದ ಥರ್ಮಾಸು, ವೈನಿಯ ಸ್ವೆಟರು, ಅಣ್ಣನ ಛತ್ರಿ ಎಲ್ಲವೂ ನನ್ನ ತೊಡೆಯ ಮೇಲೆ. ಎದುರಿಗೆ ಏರಿ. ಏರಿಗೆ ಹನ್ನೆರಡು ಮೆಟ್ಟಿಲು, ಪಕ್ಕದಲ್ಲಿ ಹೊಚ್ಚ ಹೊಸ ಇಳಿಜಾರು ದಾರಿ, ಎಲ್ಲರ ಬಾಯಲ್ಲಿ ರ‍್ಯಾಂಪ್. ರ‍್ಯಾಂಪಿನ ಬಾಯಿಗೆ ಅಡ್ಡಲಾಗಿ ಕೆಂಪು ರಿಬ್ಬನ್ನು ಕಟ್ಟಿತ್ತು. ಮುಂದೆ ಶಾಮಿಯಾನ, ಮೈಕು, ಕುರ್ಚಿಗಳ ಸಾಲು.

ಪಾರ್ಕಿನ ಉಸ್ತುವಾರಿ ನೋಡುವ ಗಂಗಾಧರಪ್ಪನವರು ಓಡಿ ಬಂದು ಕೈ ಅಡ್ಡ ಹಿಡಿದರು. "ಇನ್ನೂ ಉದ್ಘಾಟನಾ ಆಗಿಲ್ರಿ ಅಕ್ಕಾರ. ದೊಡ್ಡ ಸಾಹೇಬ್ರು ಬರಾಕತ್ತಾರ. ಅಲ್ಲೀತನಕ ಈ ರ‍್ಯಾಂಪ್ ಯಾರೂ ಹತ್ತೂಹಂಗಿಲ್ಲ."

"ನಾ ಇದರ ಸಲುವಾಗೇ ದಾಂಡೇಲಿಯಿಂದ ಬಂದೇನ್ರಿ."

"ಅದಕ್ಕ ಏನ್ ಚಿಂತಿ ಮಾಡಬ್ಯಾಡ್ರಿ. ನಮ್ಮ ಹುಡುಗ್ರು ನಾಕ ಮಂದಿ ಮೆಟ್ಟಲ ಮ್ಯಾಲಿಂದ ಎತ್ತಿ ಒಯ್ಯತಾರ."

ಗಾಲಿಕುರ್ಚಿಯವರಿಗಾಗಿ ಕಟ್ಟಿದ ದಾರಿಯ ಪಕ್ಕದಲ್ಲೇ ಗಾಲಿಕುರ್ಚಿಯನ್ನು ಹೊತ್ತು ಮೆಟ್ಟಿಲು ಹತ್ತಿಸುವುದರಲ್ಲಿ ಅವರಿಗೆ ಯಾವ ತೊಡಕೂ ಕಾಣಲಿಲ್ಲ. ಅಣ್ಣನಿಗೂ ಕಾಣಲಿಲ್ಲ, ಆಗಲೇ ಅಂಗಿಯ ತೋಳು ಮಡಚುತ್ತಿದ್ದ. ಒಮ್ಮೆ ಹೊತ್ತರೆ ಇಡೀ ದಿನ ಹೊತ್ತುಕೊಂಡೇ ತಿರುಗುತ್ತಾರೆ ಎಂಬುದು ನನಗೆ ಗೊತ್ತು. ಕಾಯುತ್ತೇನೆ ಎಂದೆ. ಗಂಗಾಧರಪ್ಪನವರಿಗೆ ಇದರಿಂದ ಎಷ್ಟು ಸಂತೋಷವಾಯಿತೆಂದರೆ, ನನ್ನನ್ನು ತಾವೇ ದಬ್ಬಿಕೊಂಡು ಹೋಗಿ ಮುಂದಿನ ಸಾಲಿನಲ್ಲಿ ಇಟ್ಟರು.

ಸಾಹೇಬರು ಬಂದದ್ದು ಒಂದು ಗಂಟೆಗೆ. ರಿಬ್ಬನ್ನು ಕತ್ತರಿಸಿದರು, ಫೋಟೊದವನು ಕಣ್ಣು ಮುಚ್ಚಿದ್ದಿರಿ ಎಂದ. ಗಂಟು ಹಾಕಿ ಮತ್ತೆ ಕತ್ತರಿಸಿದರು. ಇನ್ನು ಮೊದಲ ಹೆಜ್ಜೆ ಇಡಬೇಕು ಎನ್ನುವಾಗ ಗಂಗಾಧರಪ್ಪನವರಿಗೆ ಧರ್ಮಸಂಕಟ ಹುಟ್ಟಿತು. ಹೊಸ ದಾರಿಯಲ್ಲಿ ಮೊದಲು ಹೋಗಬೇಕಾದವರು ದೊಡ್ಡವರು. ಆದರೆ ಇದು ನಡೆಯುವವರ ದಾರಿ ಅಲ್ಲ, ಸಾಹೇಬರು ನಡೆದುಹೋದರೆ ಏನು ಅರ್ಥ? ಐದು ನಿಮಿಷ ಪಿಸಿಪಿಸಿ ಮಾತಾಯಿತು. ಆಮೇಲೆ ಎಲ್ಲರೂ ಒಟ್ಟಿಗೆ ನನ್ನ ಕಡೆ ತಿರುಗಿದರು.

"ಅಕ್ಕಾರ, ಒಂದ ಐದ ಮಿನಿಟ ನಿಮ್ಮ ಕುರ್ಚಿ ಕೊಡ್ರಿ."

ಐದು ನಿಮಿಷ ನಿಮ್ಮ ಕಾಲು ಕೊಡಿ ಎಂದು ಯಾರಾದರೂ ಕೇಳಿದರೆ ನೀವು ಏನೆನ್ನುತ್ತೀರೋ ಗೊತ್ತಿಲ್ಲ. ನನಗೆ ಮೈಯೆಲ್ಲ ಉರಿಯಿತು. ಆದರೆ ಈ ಉದ್ಘಾಟನೆ ಮುಗಿಯದೆ ಕೆರೆಯ ಸುತ್ತಿನ ದಾರಿ ನನಗೆ ತೆರೆಯುವುದಿಲ್ಲ. ಹೂಂ ಎಂದೆ. ನನ್ನನ್ನು ಎತ್ತಿ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿದರು, ಡಬ್ಬಿ ಥರ್ಮಾಸು ಸಮೇತ.

ಇಷ್ಟಕ್ಕೇ ಮುಗಿಯಲಿಲ್ಲ. ಗಾಲಿ ಇದೆ ಎಂದ ಮೇಲೆ ಅದು ಗಾಡಿ, ಗಾಡಿ ಎಂದ ಮೇಲೆ ಪೂಜೆ ಆಗಬೇಕು. ಪೂಜೆಯ ಮುಂದಾಳತ್ವ ಸಾಹೇಬರ ಜೀಪಿನ ಡ್ರೈವರನದು, ಅನುಭವಸ್ಥ. ಕುರ್ಚಿಗೆ ಒಂದು ಸುತ್ತು ಬಂದು, "ಇಂಜಿನ್ ಎಲ್ಲಿ ಐತ್ರಿ ಇದಕ್ಕ?" ಎಂದು ನನ್ನನ್ನು ಗಂಭೀರವಾಗಿ ಕೇಳಿದ. ಇಂಜಿನ್ನು ನಾನೇ, ಕೆಳಗಿಳಿಸಿ ಕೂರಿಸಿದ್ದಾರೆ ಎಂದು ಹೇಳಬಹುದಿತ್ತು. ಅವನು ಬ್ರೇಕಿನ ಹಿಡಿಕೆಗಳಿಗೆ ಕುಂಕುಮ ಹಚ್ಚಿ, ಬೆನ್ನಿಗೆ ಚೆಂಡು ಹೂವಿನ ಮಾಲೆ ಕಟ್ಟಿ, ಕಾಯಿ ಒಡೆದು, ನಾಲ್ಕೂ ಗಾಲಿಗಳ ಕೆಳಗೆ ನಾಲ್ಕು ನಿಂಬೆಹಣ್ಣು ಇಟ್ಟ. ಏಳು ವರ್ಷದಿಂದ ದಾಂಡೇಲಿಯ ಗಲ್ಲಿಗಳಲ್ಲಿ ಸವೆದ ನನ್ನ ಕುರ್ಚಿ ಹೊಸ ಸೊಸೆಯ ಹಾಗೆ ನಿಂತಿತ್ತು.

ಸಾಹೇಬರು ಕೂತರು. ಮೂವರು ದಬ್ಬಿದರು. ಹಿಂದಿನ ದೊಡ್ಡ ಗಾಲಿಗಳು ಹಣ್ಣನ್ನು ಅರೆದವು. ಮುಂದಿನವು ಅಂಗೈಯಗಲದ ಸಣ್ಣ ಗಾಲಿಗಳು, ಅವಕ್ಕೆಲ್ಲಿಯ ಶಕ್ತಿ? ಒಂದು ಹಣ್ಣು ಸಿಡಿದು ಫೋಟೊದವನ ಕಣ್ಣಿಗೆ ಹಾರಿತು. ಇನ್ನೊಂದು ಗಾಲಿಗೆ ಸಿಕ್ಕಿಕೊಂಡು ಕುರ್ಚಿ ಗಕ್ಕನೆ ನಿಂತಿತು. ಸಾಹೇಬರು ಮುಗ್ಗರಿಸಿ, ಕೊರಳ ಹಾರ ಹಣೆಯ ಮೇಲೆ ಬಂದು, "ಬ್ರೇಕ್ ಹಿಡೀರಿ, ಬ್ರೇಕ್ ಹಿಡೀರಿ!" ಎಂದು ಕೂಗಿದರು. ನಿಂತ ಗಾಡಿಗೆ ಬ್ರೇಕ್ ಹಿಡಿಯಲು ಇಬ್ಬರು ಧುಮುಕಿದರು. ಒಡೆಯದ ಹಣ್ಣನ್ನು ಡ್ರೈವರ್ ಬಿಡಿಸಿ ತೆಗೆದು, "ಇದನ್ನ ಒಗೀಬಾರದ್ರಿ, ಗಾಡ್ಯಾಗ ಇರಬೇಕು" ಎಂದು ಹಿಂದಿನ ಚೀಲಕ್ಕೆ ಹಾಕಿದ. ಮಂಚದ ಕೆಳಗಿನಿಂದ ನಾನು ಕೆದಕಿ ತೆಗೆದದ್ದು ಇದನ್ನೇ.

ಅಂತೂ ಸಾಹೇಬರು ಗಾಲಿಕುರ್ಚಿಯಲ್ಲಿ ರ‍್ಯಾಂಪ್ ಹತ್ತಿದ ಮೊದಲಿಗರಾದರು. ಇಳಿದು ಬಂದು ಮೈಕಿನ ಮುಂದೆ, "ಕುರ್ಚ್ಯಾಗ ಕುಂತಮ್ಯಾಲ ನನಗ ಇವರ ಕಷ್ಟ ತಿಳೀತು. ಖರೇ ಹೇಳಬೇಕಂದ್ರ, ಭಾಳ ಆರಾಮ ಇತ್ತು" ಎಂದರು. ಜೋರು ಚಪ್ಪಾಳೆ. ಅಣ್ಣನೂ ಹೊಡೆದ. ನನ್ನನ್ನು ಮತ್ತೆ ಎತ್ತಿ ನನ್ನ ಕುರ್ಚಿಗೆ ಹಾಕಿದರು, ಶಾಲು ಹೊದಿಸಿದರು, ತೊಡೆಯ ಮೇಲಿನ ಸಾಮಾನಿನ ಜೊತೆಗೆ ಒಂದು ತೆಂಗಿನಕಾಯಿ ಸೇರಿಸಿದರು. ಆಮೇಲೆ ಊಟ ಎಂದು ಘೋಷಣೆಯಾಯಿತು. ಒಂದು ನಿಮಿಷದಲ್ಲಿ ಇಡೀ ಸಭೆ ಗಿಡಗಳಾಚೆಯ ಪಂಕ್ತಿಯ ಕಡೆ ಹರಿದುಹೋಯಿತು. "ನೀ ಇಲ್ಲೇ ಇರು, ತಾಟು ಇಲ್ಲಿಗೇ ತರತೇವಿ" ಎಂದು ಅಣ್ಣ ವೈನಿ ಇಬ್ಬರೂ ಹೋದರು.

ರ‍್ಯಾಂಪ್ ನನ್ನ ಎದುರಿಗೇ ಇತ್ತು. ಉದ್ಘಾಟನೆ ಆದದ್ದೇ ತಡ, ವೇದಿಕೆಯ ಅಲಂಕಾರಕ್ಕೆ ತಂದಿದ್ದ ಹೂಕುಂಡಗಳನ್ನೆಲ್ಲ ಎತ್ತಿ ಅದರ ಮೇಲೆ ಸಾಲಾಗಿ ಇಟ್ಟಿದ್ದರು. ಖಾಲಿ ಜಾಗ ಕಂಡರೆ ನಮ್ಮವರಿಗೆ ಸುಮ್ಮನಿರಲು ಆಗುವುದಿಲ್ಲ. ಅಲ್ಲಿ ಕೂತು ಆ ಕುಂಡಗಳನ್ನು ನೋಡುತ್ತ ನನಗೆ ನಿಜಕ್ಕೂ ಅಳು ಬಂತು. ಅಷ್ಟು ಹೊತ್ತಿನ ತಮಾಷೆಯಲ್ಲಿ ಬಾರದ ಅಳು.

"ಅಕ್ಕಾರ, ನಿಮಗ ಎಲ್ಲಿ ಹೋಗಬೇಕ ಐತಿ?"

ಕೇಳಿದವಳು ಕೈಯಲ್ಲಿ ನೀರಿನ ಪೈಪು ಹಿಡಿದ ಹೆಂಗಸು. ಹೆಸರು ಜುಲಿಯಾನಾ, ಹಳಿಯಾಳದ ಕಡೆಯ ಸಿದ್ದಿ ಹೆಣ್ಣುಮಗಳು. ಊರಿನ ಗದ್ದೆಯ ಸುಗ್ಗಿ ಮುಗಿಸಿ ಇಲ್ಲಿ ಗಿಡಕ್ಕೆ ನೀರು ಬಿಡುವ ಕೆಲಸಕ್ಕೆ ಬಂದಿದ್ದಾಳೆ ಎಂದು ಆಮೇಲೆ ತಿಳಿಯಿತು. ಬೆಳಗಿನಿಂದ ನನ್ನನ್ನು ಈ ಪ್ರಶ್ನೆ ಕೇಳಿದವಳು ಅವಳೊಬ್ಬಳೇ.

"ಕೆರಿ ಸುತ್ತ ಒಂದ ಸುತ್ತ ಹೋಗಬೇಕು. ನಾ ಒಬ್ಬಾಕಿನ" ಎಂದೆ.

ಅವಳು ನನ್ನ ಕೈ ನೋಡಿದಳು, ರ‍್ಯಾಂಪ್ ನೋಡಿದಳು. ಕುಂಡಗಳನ್ನು ಒಂದೊಂದಾಗಿ ಎತ್ತಿ ಕೆಳಗಿಟ್ಟಳು. ನನ್ನ ತೊಡೆಯ ಮೇಲಿನ ಸಾಮಾನನ್ನೆಲ್ಲ ಪ್ಲಾಸ್ಟಿಕ್ ಕುರ್ಚಿಯಲ್ಲಿ ಒಟ್ಟಿದಳು. ಬಿಸಿಲಿಗೆ ರೊಟ್ಟಿ ಒಣಗಬಾರದೆಂದು ಮೇಲೆ ನನ್ನ ಶಾಲು ಹೊದಿಸಿದಳು. ರ‍್ಯಾಂಪನ್ನು ನಾನೇ ಹತ್ತಿದೆ ಎಂದು ಬರೆದರೆ ನೀವು ನಂಬುತ್ತೀರಿ, ಅಷ್ಟು ಒಳ್ಳೆಯವರು ನೀವು. ಆದರೆ ಆ ಪುಣ್ಯಾತ್ಮರು ಅದನ್ನು ಮಣ್ಣು ಹೇರಿದ ಟ್ರ್ಯಾಕ್ಟರ್ ಏರುವ ಕಡಿದಾದ ಅಳತೆಗೆ ಕಟ್ಟಿದ್ದರು. ಜುಲಿಯಾನಾ ದಬ್ಬಿದಳು, ನಾನು ಗಾಲಿ ತಿರುಗಿಸಿದೆ, ಇಬ್ಬರೂ ಏದುಸಿರು ಬಿಟ್ಟೆವು. ಮೇಲೆ ಮುಟ್ಟಿದ ಮೇಲೆ ಅವಳು ಹಿಡಿಕೆ ಬಿಟ್ಟಳು.

"ಹೋಗ್ರಿ ಹಂಗಾರ. ನಾ ಈ ಕಡೆ ತಿರಗತೇನಿ." ನಿಜವಾಗಿಯೂ ಬೆನ್ನು ತಿರುಗಿಸಿ ಇಳಿದು ಹೋದಳು.

ಕೆರೆ ದೊಡ್ಡದಿತ್ತು, ನೀರು ತುಂಬಿತ್ತು. ಫರಸಿ ನುಣ್ಣಗಿತ್ತು, ಅಣ್ಣ ಸುಳ್ಳು ಹೇಳಿರಲಿಲ್ಲ. ಗಾಲಿ ತಿರುಗಿಸಿದರೆ ಮುಂದೆ ಹೋಗುತ್ತಿದ್ದೆ, ನಿಲ್ಲಿಸಿದರೆ ನಿಲ್ಲುತ್ತಿದ್ದೆ. ನಿಲ್ಲಬೇಕು ಎನಿಸಿದಲ್ಲಿ ನಿಲ್ಲುವ ಸುಖಕ್ಕಾಗಿಯೇ ನಾಲ್ಕಾರು ಕಡೆ ನಿಂತೆ. ಒಂದು ಕಡೆ ನೋಡಲು ಏನೂ ಇರಲಿಲ್ಲ, ಅಲ್ಲಿಯೂ ನಿಂತೆ. ಎದುರಿಗೆ ಬಂದ ಹುಬ್ಬಳ್ಳಿಯ ಕಡೆಯ ಒಂದು ಕುಟುಂಬದವರು ಗಾಬರಿಯಿಂದ "ನಿಮ್ಮವರೆಲ್ಲಿ?" ಎಂದು ಕೇಳಿದರು. "ಹಿಂದ ಬರಾಕತ್ತಾರ" ಎಂದೆ. ಹಿಂದಿನಿಂದ ಬಂದ ಒಬ್ಬ ಗೃಹಸ್ಥ ಹಿಡಿಕೆಗೆ ಕೈ ಹಚ್ಚಿ ಅದನ್ನೇ ಕೇಳಿದ. "ಮುಂದ ಹೋಗ್ಯಾರ" ಎಂದೆ. ಟಿಬೇಟಿಯನ್ ಕ್ಯಾಂಪಿನ ಮುದುಕ ಲಾಮಾ ಒಬ್ಬರು ಜಪಮಣಿ ಎಣಿಸುತ್ತ ಬಂದವರು ಏನೂ ಕೇಳದೆ, ತಲೆ ತೂಗಿ ದಾಟಿಹೋದರು. ಅವರ ಹಿಂದೆ ನಾನೂ ತಲೆ ತೂಗಿದೆ.

ಇತ್ತ ಶಾಮಿಯಾನದಲ್ಲಿ ನಡೆದದ್ದನ್ನು ವೈನಿಯ ಬಾಯಿಂದಲೇ ಕೇಳಬೇಕು. ಪಂಕ್ತಿಯ ಕಡೆಯಿಂದ ಇಣುಕಿ ನೋಡಿದಾಗೆಲ್ಲ ನಾನು ಶಾಲು ಹೊದ್ದು ಕುರ್ಚಿಯಲ್ಲಿ ಕೂತದ್ದು ಅವಳಿಗೆ ಕಾಣುತ್ತಲೇ ಇತ್ತಂತೆ. "ವಿಜ್ಜಿ, ಹೋಳಿಗಿ ಎರಡ ಹಾಕಿಸ್ಲೇನ?" ಎಂದು ದೂರದಿಂದ ಕೇಳಿದಳಂತೆ. ನಾನು ಮಾತಾಡಲಿಲ್ಲವಂತೆ. ಕುರ್ಚಿ ಕಸಿದುಕೊಂಡದ್ದಕ್ಕೆ ಸಿಟ್ಟಾಗಿದ್ದಾಳೆ ಎಂದು ತಿಳಿದು, ತಾಟು ಹಿಡಿದು ಬಂದು, ಪಕ್ಕದಲ್ಲಿ ನಿಂತು, ಸಿಟ್ಟು ಮಾಡಿಕೊಳ್ಳಬಾರದು, ದೊಡ್ಡವರ ಸಮಾಚಾರ ಹೀಗೇ ಎಂದು ನಾಲ್ಕು ಮಾತು ಸಮಾಧಾನ ಹೇಳಿದಳಂತೆ. ಆಮೇಲೆ ಹೆಗಲ ಮೇಲೆ ಕೈಯಿಟ್ಟರೆ ಥರ್ಮಾಸು ಉರುಳಿಬಿತ್ತು.

ನಾನು ಆಗ ಕೆರೆಯ ಆ ದಂಡೆಯಲ್ಲಿದ್ದೆ. ಮೈಕಿನಲ್ಲಿ ಗಂಗಾಧರಪ್ಪನವರ ದನಿ ನೀರಿನ ಮೇಲಿಂದ ತೇಲಿ ಬಂತು. "ಎಲ್ಲಾರೂ ಲಕ್ಷ್ಯ ಕೊಡ್ರಿ. ಕರೀ ಬಣ್ಣದ ಒಂದು ವೀಲ್ ಚೇರ್ ಕಳದೈತಿ. ಹಿಂದ ಚೆಂಡು ಹೂವಿನ ಮಾಲಿ ಐತಿ, ಬ್ರೇಕಿಗೆ ಕುಂಕುಮ ಐತಿ. ಎಡಗಾಲಿಗೆ ನಿಂಬಿಹಣ್ಣಿನ ರಸ ಹತ್ತೈತಿ." ಸ್ವಲ್ಪ ತಡೆದು, ಯಾರೋ ಪಕ್ಕದಿಂದ ನೆನಪಿಸಿರಬೇಕು, "ಅದರಾಗ ಒಬ್ಬ ಹೆಣ್ಮಗಳು ಅದಾರ" ಎಂದರು.

ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದೆ. ಅಷ್ಟರಲ್ಲಿ ಅಣ್ಣ ಮೈಕು ಕಸಿದುಕೊಂಡ. "ವಿಜ್ಜಿ... ವಿಜ್ಜಿ, ನಾ ಮಾತಾಡಾಕತ್ತೇನಿ. ಎಲ್ಲಿದ್ದೀ ನೀ?"

ಕೈ ಎತ್ತಿದ್ದರೆ ಆ ಕಡೆಯವರಿಗೆ ಕಾಣುತ್ತಿದ್ದೆನೇನೋ. ಎತ್ತಲಿಲ್ಲ. ಅಣ್ಣನ ಸಂಕಟ ಕೇಳಿ ಕರುಳು ಚುರ್ ಎಂದದ್ದೂ ನಿಜ, ಅದಕ್ಕಿಂತ ಹೆಚ್ಚು ಖುಷಿಯಾದದ್ದೂ ನಿಜ. ಈ ಭೂಮಿಯ ಮೇಲೆ ನಾನು ಎಲ್ಲಿದ್ದೇನೆಂದು ಆ ಹೊತ್ತಿನಲ್ಲಿ ನನ್ನವರಿಗೆ ಯಾರಿಗೂ ಗೊತ್ತಿರಲಿಲ್ಲ. ನನಗೊಬ್ಬಳಿಗೇ ಗೊತ್ತಿತ್ತು. ಇನ್ನೂ ಅರ್ಧ ಸುತ್ತು ಬಾಕಿಯಿತ್ತು. ಅವಸರ ಮಾಡದೆ ಗಾಲಿ ತಿರುಗಿಸಿದೆ.

ಸುತ್ತು ಮುಗಿಯಲು ಇನ್ನು ಸ್ವಲ್ಪವೇ ಇರುವಾಗ ಅಣ್ಣ ಎದುರಿನಿಂದ ಓಡಿ ಬಂದ. ಅರವತ್ತು ದಾಟಿದವನು, ಹೊಟ್ಟೆ ಇರುವವನು, ಬೆವರಿನಲ್ಲಿ ಅಂಗಿ ಮೈಗೆ ಅಂಟಿತ್ತು. ನನ್ನ ಎದುರಿಗೆ ನಿಂತು, ಮೊಣಕಾಲಿಗೆ ಕೈಯೂರಿ ಉಸಿರು ಎಳೆದುಕೊಂಡು, ಸುತ್ತಲಿನ ಮಂದಿಯ ಮುಂದೆಯೇ ದೊಡ್ಡ ದನಿಯಲ್ಲಿ ಬೈದ. "ಬುದ್ಧಿ ಐತೇನ ನಿನಗ? ಹೇಳಿ ಹೋಗಬೇಕ ಅಂಬೂದ ತಿಳೀದಿಲ್ಲಾ? ಎಲ್ಲಿ ಹೋಗಿದ್ದಿ?"

ನಮ್ಮ ಮನೆಯಲ್ಲಿ ಈ ಪ್ರಶ್ನೆಯನ್ನು ಎಲ್ಲರಿಗೂ ಕೇಳಿದ್ದಾರೆ. ಪಾಳಿ ಮುಗಿಸಿ ತಡವಾಗಿ ಬಂದ ಅಪ್ಪನಿಗೆ ಅವ್ವ ಕೇಳುತ್ತಿದ್ದಳು, ಶಾಲೆ ತಪ್ಪಿಸಿದ ಅಣ್ಣನಿಗೆ ಅಪ್ಪ ಕೇಳುತ್ತಿದ್ದ, ಎರಡು ದಿನ ಕಾಣದ ಬೆಕ್ಕಿಗೂ ಕೇಳಿದ್ದುಂಟು. ನನ್ನನ್ನು ಯಾರೂ ಕೇಳಿರಲಿಲ್ಲ, ಕೇಳುವ ಪ್ರಸಂಗವೇ ಬಂದಿರಲಿಲ್ಲ. ಹಾಗಾಗಿ ಉತ್ತರ ಕೊಡಲು ನಾನು ಅವಸರ ಮಾಡಲಿಲ್ಲ. ಬ್ರೇಕು ಹಾಕಿದೆ. ಸೆರಗು ಸರಿಮಾಡಿಕೊಂಡೆ.

"ಇಲ್ಲೇ ಒಂಚೂರ ಅಡ್ಡಾಡಾಕ ಹೋಗಿದ್ನೋ ಅಣ್ಣಾ" ಎಂದೆ.